ಎಪ್ಪತ್ತು ಮಳೆಗಾಲಗಳ ಲೆಕ್ಕ: ಉತ್ತರ ಕನ್ನಡದ ಕಾಡು, ಹೊಳೆ, ಇಳಿಜಾರು

1956ನೇ ಇಸವಿ ಉತ್ತರ ಕನ್ನಡದ ಪಾಲಿಗೆ ಎರಡು ಕಾರಣಕ್ಕೆ ನೆನಪಿಡಬೇಕಾದದ್ದು. ಜಿಲ್ಲೆ ಇನ್ನೂ ಮುಂಬಯಿಯ ಆಡಳಿತದಲ್ಲಿದ್ದಾಗಲೇ ಆ ವರ್ಷ ದಾಂಡೇಲಿಯ ಕಾಡು ವನ್ಯಜೀವಿ ಅಭಯಾರಣ್ಯವಾಯಿತು. ನವೆಂಬರ್ 1ರಂದು ಜಿಲ್ಲೆಯೇ ಮುಂಬಯಿಯನ್ನು ಬಿಟ್ಟು ಕನ್ನಡದ ರಾಜ್ಯಕ್ಕೆ ಬಂದು ಸೇರಿತು. ಅದರ ಹಿಂದಿನ ವರ್ಷವಷ್ಟೇ ಅದೇ ದಾಂಡೇಲಿಯಲ್ಲಿ, ಕಾಳಿ ನದಿಯ ದಂಡೆಯ ಮೇಲೆ, ಬಿದಿರಿನಿಂದ ಕಾಗದ ಮಾಡುವ ಕಾರ್ಖಾನೆಯೊಂದು ಹುಟ್ಟಿಕೊಂಡಿತ್ತು. ಹೀಗೆ ಒಂದೇ ಕಾಡು ಒಂದು ಕಡತದಲ್ಲಿ ಕಾಪಾಡಬೇಕಾದ ಸಂಪತ್ತಾಯಿತು, ಇನ್ನೊಂದು ಕಡತದಲ್ಲಿ ಕಚ್ಚಾಮಾಲಾಯಿತು. ಆ ಎರಡು ಕಡತಗಳು ಇವತ್ತಿಗೂ ಒಂದೇ ಮೇಜಿನ ಮೇಲೆ ಬಂದಿಲ್ಲ. ಏಕೀಕರಣಕ್ಕೆ ಎಪ್ಪತ್ತು ವರ್ಷ ತುಂಬುವ ಈ ಹೊತ್ತಿನಲ್ಲಿ ಜಿಲ್ಲೆಯ ನೆಲ, ನೀರು, ಮರದ ಲೆಕ್ಕವನ್ನು ಒಟ್ಟಿಗೆ ನೋಡುವ ಕೆಲಸವನ್ನು ನಾವಾದರೂ ಮಾಡಬೇಕು.

ನೆಲದಿಂದಲೇ ಶುರುಮಾಡೋಣ. ಹತ್ತು ಸಾವಿರ ಚದರ ಕಿಲೋಮೀಟರ್‌ಗಿಂತ ತುಸು ಹೆಚ್ಚು ವಿಸ್ತಾರದ ಈ ಜಿಲ್ಲೆಯನ್ನು ಇಲ್ಲಿನವರು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ಘಟ್ಟದ ಮೇಲೆ, ಘಟ್ಟದ ಕೆಳಗೆ. ಕೊಡಗು, ಚಿಕ್ಕಮಗಳೂರಿನಂತೆ ಮುಗಿಲು ಮುಟ್ಟುವ ಶಿಖರಗಳು ಇಲ್ಲಿಲ್ಲ. ಸಹ್ಯಾದ್ರಿ ಇಲ್ಲಿ ತಗ್ಗಿ, ಬಹುಪಾಲು ಆರುನೂರು ಮೀಟರ್ ಆಸುಪಾಸಿನಲ್ಲೇ ಹರಡಿಕೊಳ್ಳುತ್ತದೆ. ಆದರೆ ಕಾರವಾರದ ಬಳಿ ಅದರ ಕವಲುಗಳು ಕಡಲಿನ ತೀರಾ ಹತ್ತಿರಕ್ಕೆ ಇಳಿದು ಬಂದಿವೆ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಗುಡ್ಡದ ಬುಡಕ್ಕೂ ಅಲೆಗೂ ನಡುವೆ ಇರುವುದು ಕಿರಿದಾದ ಒಂದು ಪಟ್ಟಿ. ಆ ಪಟ್ಟಿಯಲ್ಲೇ ಗದ್ದೆ, ತೋಟ, ಊರು, ರೈಲು, ಹೆದ್ದಾರಿ ಎಲ್ಲವೂ ಒತ್ತೊತ್ತಾಗಿ ಕೂತಿವೆ. ಮಳೆ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತದೆ, ಘಟ್ಟದ ಅಂಚಿನಲ್ಲಿ ಇನ್ನೂ ಹೆಚ್ಚು. ಪೂರ್ವಕ್ಕೆ ಸರಿದು ಹಳಿಯಾಳ, ಮುಂಡಗೋಡ ಮುಟ್ಟುವ ಹೊತ್ತಿಗೆ 1200ರ ಸುತ್ತಮುತ್ತ ಇಳಿಯುತ್ತದೆ. ಮಳೆಯ ಜೊತೆಗೆ ಕಾಡೂ ಬದಲಾಗುತ್ತದೆ. ಕಡಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ ನಿತ್ಯಹರಿದ್ವರ್ಣ, ಯಲ್ಲಾಪುರ, ಹಳಿಯಾಳದ ಕಡೆ ಬೇಸಿಗೆಯಲ್ಲಿ ಎಲೆ ಉದುರಿಸುವ ತೇಗ, ಮತ್ತಿ, ನಂದಿ, ಹೊನ್ನೆ.

ಈ ನೆಲದ ಹೊಳೆಗಳು ಉದ್ದವಲ್ಲ, ಆದರೆ ರಭಸದವು. ಜೊಯಿಡಾದ ಡಿಗ್ಗಿಯಲ್ಲಿ ಹುಟ್ಟುವ ಕಾಳಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿಯಾಗುತ್ತದೆ. ಧಾರವಾಡದಲ್ಲಿ ಹುಟ್ಟಿದ ಶಾಲ್ಮಲೆಯೂ ಅದಕ್ಕೇ ಬಂದು ಸೇರುತ್ತದೆ. ಶಿರಸಿಯ ಶಂಕರಹೊಂಡದಿಂದ ಹೊರಡುವ ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಬೀಳುತ್ತದೆ. ತೀರ್ಥಹಳ್ಳಿಯ ಕಡೆಯಿಂದ ಬಂದು ಜೋಗದಲ್ಲಿ 253 ಮೀಟರ್ ಧುಮುಕುವ ಶರಾವತಿ ಹೊನ್ನಾವರದಲ್ಲಿ ಕೊನೆಗೊಳ್ಳುತ್ತದೆ. ಎತ್ತರದಿಂದ ಕಡಲಿಗೆ ಇಷ್ಟು ಕಡಿಮೆ ದೂರದಲ್ಲಿ ಇಷ್ಟು ನೀರು ಇಳಿಯುತ್ತದೆ ಎಂಬುದು ಈ ಜಿಲ್ಲೆಯ ಭೂಗೋಳದ ಮೂಲ ಸಂಗತಿ. ಎಂಜಿನಿಯರ್ ಅದರಲ್ಲಿ ವಿದ್ಯುತ್ತನ್ನು ಕಂಡ. ಅಡಿಕೆ ಬೆಳೆಗಾರ ಕಣಿವೆಯ ತಂಪನ್ನು ಕಂಡ. ಅಳಿವೆಯ ಹೆಂಗಸರು ಚಿಪ್ಪಿಗೆ ಬೇಕಾದ ಸಿಹಿ-ಉಪ್ಪಿನ ಹದವನ್ನು ಕಂಡರು. ಆ ನೀರು ಒಮ್ಮೆಗೇ ಕೊಚ್ಚಿ ಹೋಗದಂತೆ ಹಿಡಿದು ನಿಧಾನವಾಗಿ ಬಿಡುತ್ತಿದ್ದದ್ದು ಇಳಿಜಾರಿನ ಕಾಡು. ಎಪ್ಪತ್ತು ವರ್ಷಗಳ ಪ್ರತಿ ಯೋಜನಾ ವರದಿಯಲ್ಲೂ ಈ ಕೆಲಸಕ್ಕೆ ಬೆಲೆ ಕಟ್ಟಿದ ಕಾಲಂ ಒಂದಿರಬೇಕಿತ್ತು. ಇರಲಿಲ್ಲ ಎಂಬುದೇ ನಮ್ಮ ದೂರು.

ಕಾಡಿಗೆ ಯಜಮಾನರು ಬದಲಾದದ್ದು 1956ಕ್ಕಿಂತ ಬಹಳ ಹಿಂದೆ. ಟಿಪ್ಪುವಿನ ಪತನದ ಬೆನ್ನಿಗೇ, 1801ರಲ್ಲಿ, ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್, ಕಾಡು ಊರದೇವರ ಸೊತ್ತೆಂದು ಜನ ನಂಬುವುದನ್ನೂ ದೇವರ ಅಪ್ಪಣೆಯಿಲ್ಲದೆ ಮರ ಕಡಿಯದಿರುವುದನ್ನೂ ಬರೆದಿಟ್ಟ. ಸರ್ಕಾರಕ್ಕೆ ಹಕ್ಕು ಸಿಗಬಾರದೆಂದು ಹೂಡಿದ ಉಪಾಯ ಇದು ಎಂಬುದು ಅವನ ತೀರ್ಮಾನವಾಗಿತ್ತು. ಅದಕ್ಕೂ ಮೊದಲು, ಹದಿನಾರನೆಯ ಶತಮಾನದಲ್ಲಿ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದಿದ್ದರು. ಆ ಮೆಣಸಿನ ಬಳ್ಳಿ ಬೆಳೆದದ್ದು ಕಾನುಗಳೆಂಬ ದಟ್ಟ ಕಾಡುಗಳಲ್ಲಿ, ಮರದ ನೆರಳಲ್ಲಿ. ಅಂದರೆ ಕಾಡನ್ನು ಕಡಿಯದೆಯೇ ಕಡಲಾಚೆಯ ವ್ಯಾಪಾರ ನಡೆದ ಕಾಲವೊಂದು ಇಲ್ಲಿತ್ತು. ಬ್ರಿಟಿಷರು ಬಂದ ಮೇಲೆ ತೇಗಕ್ಕೆ ಬೆಲೆ ಬಂತು. ಕಾಡು ಸವರಿ ಸುಟ್ಟು ಮಾಡುವ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು, ಕಾಡು ಕಾಯ್ದಿಟ್ಟ ಅರಣ್ಯವಾಯಿತು. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಎಂಬ ಸವಲತ್ತು ಉಳಿಯಿತು. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಅದರಿಂದ ಸೊಪ್ಪು, ದರಕು ತಂದು ಗೊಬ್ಬರ ಮಾಡಿಕೊಳ್ಳಬಹುದು. ತೋಟವಿಲ್ಲದವರಿಗೆ ಅಂಥದ್ದೇನೂ ದಕ್ಕಲಿಲ್ಲ. 1930ರ ಕರನಿರಾಕರಣೆ, ಅರಣ್ಯ ಸತ್ಯಾಗ್ರಹಗಳು ಅಂಕೋಲಾ, ಶಿರಸಿ, ಸಿದ್ದಾಪುರಗಳಲ್ಲಿ ಅಷ್ಟು ಬಿರುಸಾಗಿ ನಡೆದದ್ದಕ್ಕೆ ಸ್ವಾತಂತ್ರ್ಯದ ಹಂಬಲದ ಜೊತೆಗೆ ಕಾಡಿನ ಈ ನೋವೂ ಕಾರಣ.

ಸ್ವಾತಂತ್ರ್ಯ ಬಂದ ಮೇಲೆ ಈ ನೋವಿಗೆ ಮದ್ದು ಸಿಗಬಹುದೆಂದು ಜನ ಕಾದರು. ಬಂದದ್ದು ಕಾರ್ಖಾನೆ. ಕಾರ್ಖಾನೆ ಬಂದದ್ದು ತಪ್ಪೆಂದು ನಾವು ಹೇಳುವುದಿಲ್ಲ. ದಾಂಡೇಲಿ ಎಂಬ ಊರು ಬೆಳೆದದ್ದೇ ಅದರಿಂದ. ಸಾವಿರಾರು ಮನೆಗಳ ಒಲೆ ಅದರಿಂದ ಉರಿದಿದೆ. ಬಿದಿರಿನ ವಿಷಯದಲ್ಲಿ ನಡೆದದ್ದನ್ನು ಮಾತ್ರ ವಿವರವಾಗಿ ನೆನೆಯಲೇಬೇಕು, ಏಕೆಂದರೆ ಮುಂದಿನ ಎಲ್ಲ ತಪ್ಪುಗಳ ಬೀಜ ಅದರಲ್ಲಿದೆ.

ಸರ್ಕಾರ ಕಾರ್ಖಾನೆಗೆ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿ ದರದಲ್ಲಿ. ಬುಟ್ಟಿ, ಮೊರ, ಚಾಪೆ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದೇ ಬಿದಿರಿಗೆ ಕೊಡಬೇಕಾಗಿದ್ದ ಬೆಲೆ ಇದರ ನೂರಾರು ಪಟ್ಟು. ಕಾಡಿನಲ್ಲಿ ಎಷ್ಟು ಬಿದಿರಿದೆ ಎಂಬ ಅಂದಾಜು ವಾಸ್ತವಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ಹದಿನೈದು-ಇಪ್ಪತ್ತು ವರ್ಷಗಳಲ್ಲಿ ಮೆಳೆಗಳು ಬರಿದಾಗತೊಡಗಿದವು. ಯಾರ ತಪ್ಪು ಎಂಬ ಪ್ರಶ್ನೆ ಎದ್ದಿತು. ದನ ಮೇಯಿಸುವ, ಕಳಲೆ ಕೀಳುವ ಹಳ್ಳಿಗರತ್ತ ಕಾರ್ಖಾನೆಯೂ ಇಲಾಖೆಯೂ ಬೆರಳು ತೋರಿಸಿದವು. ಎಪ್ಪತ್ತರ ದಶಕದ ನಡುವಿನಲ್ಲಿ ರಾಜ್ಯ ಸರ್ಕಾರವೇ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರನ್ನು ಇದರ ಅಧ್ಯಯನಕ್ಕೆ ಹಚ್ಚಿತು.

ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ದಟ್ಟ ಹೊದಿಕೆ ಇರುತ್ತದೆ. ಕಡಿಯುವವರಿಗೆ ಅದು ಅಡ್ಡಿ. ಮುಳ್ಳನ್ನು ಸವರಿ ತೆಗೆದರೆ ಮೆಳೆಗೆ ಗಾಳಿ-ಬೆಳಕು ಸಿಕ್ಕಿ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯಶಾಸ್ತ್ರದ ನಂಬಿಕೆಯಾಗಿತ್ತು. ಹಾಗೆ ಸವರಬೇಕೆಂಬ ನಿಯಮವೂ ಇತ್ತು. ಊರಿನವರು ಹೇಳಿದ್ದು ಇದಕ್ಕೆ ತದ್ವಿರುದ್ಧ. ಮುಳ್ಳು ತೆಗೆದರೆ ಹೊಸ ಕಳಲೆ ಬಯಲಿಗೆ ಬೀಳುತ್ತದೆ, ದನ, ಮಂಗ, ಮುಳ್ಳುಹಂದಿ ಅದನ್ನು ಉಳಿಸುವುದಿಲ್ಲ, ಮೆಳೆ ಸಾಯುತ್ತದೆ ಎಂದರು. ಗಾಡ್ಗೀಳರ ತಂಡ ಮುಳ್ಳಿರುವ ಮೆಳೆ, ಮುಳ್ಳು ಸವರಿದ ಮೆಳೆ ಎರಡನ್ನೂ ಗುರುತು ಮಾಡಿ ವರ್ಷಗಟ್ಟಲೆ ಎಣಿಸಿ ನೋಡಿತು. ಊರಿನವರು ಹೇಳಿದ್ದೇ ನಿಜವಾಯಿತು. ಅಷ್ಟರಲ್ಲಿ ಕಾರ್ಖಾನೆ ಹತ್ತಿರದ ಕಾಡು ಮುಗಿಸಿ ದೂರದ ಕಾಡಿಗೆ, ಅದನ್ನೂ ದಾಟಿ ಈಶಾನ್ಯದ ರಾಜ್ಯಗಳ ಬಿದಿರಿಗೆ ಕೈಚಾಚಿ, ಕೊನೆಗೆ ರೈತರ ಹೊಲದ ನೀಲಗಿರಿ, ಸುಬಾಬುಲ್‌ಗಳತ್ತ ತಿರುಗಿತ್ತು. ಕಾರ್ಖಾನೆಗೆ ಬೇರೆ ದಾರಿ ಸಿಕ್ಕಿತು. ಮೇದಾರನಿಗೆ ಸಿಗಲಿಲ್ಲ. ಬೆಲೆಯನ್ನು ನೆಲಕ್ಕಿಳಿಸಿ ಕೊಟ್ಟ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ ಎಂಬುದು ಆ ಲೆಕ್ಕದ ಒಂದು ಭಾಗ. ದಿನವೂ ಕಾಡಿಗೆ ಹೋಗಿಬರುವವರ ತಿಳಿವಳಿಕೆಯನ್ನು ಕೇಳುವುದಕ್ಕೇ ಎರಡು ದಶಕ ಹಿಡಿಯಿತು ಎಂಬುದು ಇನ್ನೊಂದು. ನಮಗೆ ಹೆಚ್ಚು ನೋವು ಕೊಡುವುದು ಎರಡನೆಯದು.

ಮರದ ನಂತರ ನೀರಿನ ಸರದಿ. ಸೂಪಾ, ಬೊಮ್ಮನಹಳ್ಳಿ, ತಟ್ಟಿಹಳ್ಳ, ಕೊಡಸಳ್ಳಿ, ಕದ್ರಾ ಹೀಗೆ ಕಾಳಿ ಕೊಳ್ಳದಲ್ಲಿ ಒಂದರ ಹಿಂದೊಂದು ಅಣೆಕಟ್ಟು ಎದ್ದವು. ನೂರು ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿಂದೆ ಸುಮಾರು 147 ಟಿಎಂಸಿ ನೀರು ನಿಲ್ಲುತ್ತದೆ. ನಾಗಝರಿಯ ವಿದ್ಯುದಾಗಾರ ರಾಜ್ಯಕ್ಕೆ ಇವತ್ತಿಗೂ ಆಸರೆ. ಆ ನೀರಿನಡಿ ಸೂಪಾ ಎಂಬ ಪೇಟೆಯೇ ಇದೆ. ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಊರು ಅದು. ಅಲ್ಲಿಂದೆದ್ದ ಕುಟುಂಬಗಳು ರಾಮನಗರದ ಸುತ್ತ ನೆಲೆ ಹುಡುಕಿಕೊಂಡವು. ಆ ಕೊಳ್ಳದಿಂದ ಹೊರಟ ಬೆಳಕು ಬೆಂಗಳೂರು ತಲುಪಿ ಎಷ್ಟೋ ಕಾಲವಾದರೂ ಜೊಯಿಡಾದ ಕಾಡಿನೊಳಗಿನ ಮಜರೆಗಳು ವಿದ್ಯುತ್ತಿಗೆ, ರಸ್ತೆಗೆ ಕಾಯುತ್ತಲೇ ಇದ್ದವು. ಅದೇ ಕಾಳಿಯ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬಂತು. ಶಿವರಾಮ ಕಾರಂತರು ಅದನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೆ ಇಲ್ಲಿಂದಲೇ ನಿಂತು ಸೋತರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿಯಿತು. 2000ದಲ್ಲಿ ಮೊದಲ ಘಟಕಗಳ ವಾಣಿಜ್ಯ ಉತ್ಪಾದನೆ ಶುರುವಾಯಿತು. ಈಗ ನಾಲ್ಕು ಘಟಕಗಳಿಂದ 880 ಮೆಗಾವಾಟ್. ಅಂಕೋಲಾ-ಕಾರವಾರದ ನಡುವೆ ನೌಕಾನೆಲೆಗಾಗಿ ಹಳ್ಳಿಗಳು ಎದ್ದುಹೋದವು. ಜೊಯಿಡಾ ಕಡೆಯ ಮ್ಯಾಂಗನೀಸ್ ಗಣಿಗಳು ಅಗೆದು, ಗುಡ್ಡ ತೋಡಿ, ಬಹುಪಾಲು ಮುಚ್ಚಿದವು. ಇವೆಲ್ಲ ದೇಶಕ್ಕೆ ಬೇಕಾಗಿದ್ದಿರಬಹುದು. ಆದರೆ ಒಂದೊಂದು ಯೋಜನೆಯ ಪರಿಣಾಮವನ್ನೂ ಬಿಡಿಬಿಡಿಯಾಗಿ ಅಳೆಯಲಾಯಿತೇ ಹೊರತು, ಒಂದೇ ಜಿಲ್ಲೆ, ಅದರಲ್ಲೂ ಒಂದೇ ಹೊಳೆಯ ಕೊಳ್ಳ ಇಷ್ಟನ್ನೂ ಒಟ್ಟಿಗೆ ಹೊರಬಲ್ಲದೇ ಎಂದು ಮೊದಲೇ ಕೇಳಿದವರಿಲ್ಲ. ಆ ಪ್ರಶ್ನೆ ಕೇಳಿದವರು ಜನ.

ಬೇಡ್ತಿಗೆ ಅಣೆಕಟ್ಟು ಕಟ್ಟುವ ಮಾತು ಬಂದಾಗ, ಎಂಬತ್ತರ ದಶಕದ ಆರಂಭದಲ್ಲಿ, ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಘೋಷಣೆ ಕೂಗುವುದಕ್ಕಷ್ಟೇ ನಿಲ್ಲಲಿಲ್ಲ. ತಮ್ಮ ಸಹಕಾರ ಸಂಘದ ಮೂಲಕ ವಿಜ್ಞಾನಿಗಳನ್ನು, ಅರ್ಥಶಾಸ್ತ್ರಜ್ಞರನ್ನು, ಎಂಜಿನಿಯರ್‌ಗಳನ್ನು ಶಿರಸಿಗೆ ಕರೆಸಿ ಯೋಜನೆಯ ಲಾಭ-ನಷ್ಟವನ್ನು ಸಾಲುಸಾಲಾಗಿ ಚರ್ಚಿಸಿದರು. ಮುಳುಗುವ ತೋಟದ ಮುಂದಿನ ವರ್ಷಗಳ ಫಸಲು, ಕಾಡಿನ ಸೊಪ್ಪು, ಸೌದೆ, ಜೇನು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಾಗ ಯೋಜನೆಯ ಬಣ್ಣ ಬಯಲಾಯಿತು. ಅದು ನಿಂತಿತು. ಈ ದೇಶದಲ್ಲಿ ರೈತರೇ ಮುಂದಾಗಿ ಒಂದು ಅಣೆಕಟ್ಟಿನ ಲೆಕ್ಕವನ್ನು ಪರಿಶೀಲಿಸಿದ ಮೊದಮೊದಲ ಪ್ರಸಂಗಗಳಲ್ಲಿ ಇದೊಂದು, ಜಿಲ್ಲೆ ಹೆಮ್ಮೆಪಡಬೇಕಾದದ್ದು.

ಅದರ ಬೆನ್ನಿಗೇ ಅಪ್ಪಿಕೋ ಚಳವಳಿ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಭಾಗದ ಗಂಡಸರು, ಹೆಂಗಸರು, ಮಕ್ಕಳು ಮಳೆಯಲ್ಲಿ ಕಳಾಸೆ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ ಮರಗಳನ್ನು ತಬ್ಬಿ ನಿಂತರು. ಗುತ್ತಿಗೆದಾರರು ಎಕರೆಗೆ ಇಷ್ಟೇ ಮರ ಎಂಬ ನಿಯಮ ಪಾಲಿಸಿದರೂ, ಒಂದು ದೊಡ್ಡ ಮರ ಉರುಳುವಾಗ ಸುತ್ತಲಿನ ಹತ್ತಾರು ಗಿಡ ನೆಲಸಮವಾಗುತ್ತಿದ್ದುದನ್ನು, ಇಳಿಜಾರಿನ ಮಣ್ಣು ತೊಳೆದುಹೋಗುತ್ತಿದ್ದುದನ್ನು, ಹಳ್ಳಗಳು ಬೇಗ ಬತ್ತುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಪರಿಸರ ಹೋರಾಟಗಾರ ಸುಂದರಲಾಲ್ ಬಹುಗುಣರು ಇಲ್ಲಿಗೆ ಬಂದುಹೋಗಿದ್ದರು, ಪಾಂಡುರಂಗ ಹೆಗಡೆಯವರು ಸಂಘಟನೆಗೆ ಹೆಗಲು ಕೊಟ್ಟರು. ಉಳಿಸು, ಬೆಳೆಸು, ಬಳಸು ಎಂಬುದು ಆ ಚಳವಳಿ ಎತ್ತಿದ ಕೂಗು. ಮೂರನೆಯ ಮಾತನ್ನು ಗಮನಿಸಬೇಕು: ಕಾಡನ್ನು ಮುಟ್ಟಲೇಬಾರದೆಂದು ಅವರು ಹೇಳಲಿಲ್ಲ. 1990ರಲ್ಲಿ ಪಶ್ಚಿಮ ಘಟ್ಟದ ನೈಸರ್ಗಿಕ ಕಾಡಿನಲ್ಲಿ ಹಸಿಮರ ಕಡಿಯುವುದನ್ನು ಸರ್ಕಾರ ನಿಲ್ಲಿಸಿತು. ಎಪ್ಪತ್ತು ವರ್ಷಗಳಲ್ಲಿ ಈ ಕಾಡಿಗೆ ಸಿಕ್ಕ ಅತಿ ದೊಡ್ಡ ರಕ್ಷಣೆ ಯಾವುದೆಂದು ಕೇಳಿದರೆ, ಯಾವ ಅಭಯಾರಣ್ಯದ ಅಧಿಸೂಚನೆಗಿಂತಲೂ ಮೊದಲು ನಾವು ಹೆಸರಿಸುವುದು ಈ ತೀರ್ಮಾನವನ್ನೇ.

ಆದರೂ ಉಳಿದದ್ದೆಷ್ಟು? ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳನ್ನಿಟ್ಟು ಲೆಕ್ಕ ಹಾಕಿದಂತೆ 1973ರಲ್ಲಿ ಜಿಲ್ಲೆಯ ಶೇ 67ರಷ್ಟು ಭಾಗದಲ್ಲಿದ್ದ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡು 2013ರ ಹೊತ್ತಿಗೆ ಶೇ 32ಕ್ಕೆ ಇಳಿದಿತ್ತು. ನಲವತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಸರ್ಕಾರಿ ದಾಖಲೆಯಲ್ಲಿ ಮಾತ್ರ ಜಿಲ್ಲೆಯ ಸುಮಾರು ಶೇ 80ರಷ್ಟು ನೆಲ ಇವತ್ತಿಗೂ ಅರಣ್ಯವೇ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಮುಳುಗಡೆಯಿದೆ, ಸಾಗುವಳಿಯಿದೆ, ತೇಗದ ನೆಡುತೋಪಿದೆ, ಬರಡು ಗುಡ್ಡದ ಮೇಲಿನ ಅಕೇಶಿಯಾ ಇದೆ. ಆಕಾಶದಿಂದ ಎಲ್ಲವೂ ಹಸಿರೇ. ಆದರೆ ಅಕೇಶಿಯಾದಡಿಯ ನೆಲದಲ್ಲಿ ಮಂಗಟ್ಟೆಗೆ ಹಣ್ಣಿಲ್ಲ, ಸಿಂಗಳೀಕಕ್ಕೆ ದಾರಿಯಿಲ್ಲ, ಹಳ್ಳಕ್ಕೆ ಬೇಸಿಗೆಯ ನೀರಿಲ್ಲ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಉಳಿದಿರುವುದನ್ನು ನೋಡಿದರೆ ಕಳೆದುಕೊಂಡದ್ದರ ಅಂದಾಜು ಸಿಗುತ್ತದೆ. ಅಲ್ಲಿ ಹಳ್ಳದ ನೀರು ನಿಲ್ಲುವ ಜವುಗಿನಲ್ಲಿ ರಾಮಪತ್ರೆಯ ಜಾತಿಯ ಮರಗಳು ಬೇರನ್ನು ಮಂಡಿಯಂತೆ ಮೇಲೆತ್ತಿ ಉಸಿರಾಡುತ್ತ ನಿಂತಿವೆ. ಘಟ್ಟದ ತೀರಾ ಹಳೆಯ ಕಾಡಿನ ಉಳಿಕೆ ಜಡ್ಡಿ ಎಂದು ಕರೆಯುವ ಈ ಜವುಗುಗಳು. 2000ದಲ್ಲಿ ಇಲ್ಲಿಂದ ಒಂದು ಹೊಸ ಮರವನ್ನು ವಿಜ್ಞಾನಕ್ಕೆ ಪರಿಚಯಿಸಿ ಆ ಕಾನಿನದೇ ಹೆಸರಿಟ್ಟರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು. ತೀರ ದಕ್ಷಿಣದ ಕಾಡುಗಳಲ್ಲಷ್ಟೇ ಇವೆಯೆಂದು ತಿಳಿದಿದ್ದ ಮರಗಳೂ ಇಲ್ಲಿ ಸಿಕ್ಕಿವೆ. ಸಿಂಗಳೀಕಗಳ ವಾಸದ ಉತ್ತರದ ಎಲ್ಲೆಯೂ ಇದೇ ಸೀಮೆ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಉತ್ತರದ ದಾಂಡೇಲಿ ಮತ್ತು ಅಣಶಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದವು. ಇವನ್ನೆಲ್ಲ ನಾವು ಮನಸಾರೆ ಸ್ವಾಗತಿಸಿದವರು. ಅರಣ್ಯ ಇಲಾಖೆಯ ಕೆಳಹಂತದ ಸಿಬ್ಬಂದಿ ಬೆಂಕಿ, ಕಳ್ಳಸಾಗಣೆಗಳ ನಡುವೆ ಮಾಡುವ ಕೆಲಸ ಸಣ್ಣದಲ್ಲ. ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ಕೂಲಿಯಾಗಿ ದುಡಿದ ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು ತಾಯಿಮರ ಗುರುತಿಸಿ, ಸರಿಯಾದ ಹೊತ್ತಿಗೆ ಬೀಜ ಆಯ್ದು, ಮೊಳಕೆ ಬರಿಸುವ ವಿದ್ಯೆಯಲ್ಲಿ ಪದವೀಧರರಿಗೂ ಗುರುವಾಗಿದ್ದರು. ಪದ್ಮಶ್ರೀ ಅವರನ್ನು ಅರಸಿ ಬಂತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರ ತಲೆಯಲ್ಲಿದ್ದ ಆ ತಿಳಿವಳಿಕೆಯನ್ನು ಮುಂದಿನ ತಲೆಮಾರಿನ ನರ್ಸರಿ ಕೆಲಸಗಾರರಿಗೆ ದಾಟಿಸುವ ವ್ಯವಸ್ಥೆ ಆಗಬೇಕು. ಅವರಿಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ.

ಕಾಡಿನ ಸಣ್ಣ ಹುಟ್ಟುವಳಿಯ ಕಥೆಯೂ ಹೇಳಬೇಕಾದದ್ದೇ. ಉಪ್ಪಾಗೆ ಮರದ ಕಾಯಿ ಮೊದಲು ಇಲ್ಲಿನ ಅಡುಗೆಮನೆಯ ಹುಳಿ, ಬೀಜದ ಎಣ್ಣೆ ಮಾತ್ರ. ತೊಂಬತ್ತರ ದಶಕದಲ್ಲಿ ಅದರ ಸಿಪ್ಪೆಯ ಸಾರ ಬೊಜ್ಜು ಕರಗಿಸುತ್ತದೆ ಎಂಬ ಸುದ್ದಿ ಹೊರದೇಶಗಳಲ್ಲಿ ಹಬ್ಬಿ, ಬೆಲೆ ಏಕಾಏಕಿ ಏರಿತು. ಘಟ್ಟದ ಬಡವರಿಗೆ ಮಳೆಗಾಲದಲ್ಲಿ ಕಾಸು ಕಂಡದ್ದು ಸುಳ್ಳಲ್ಲ. ಆದರೆ ಕಾಡು ಗುತ್ತಿಗೆದಾರನದಾದ್ದರಿಂದ, ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಆತುರದಲ್ಲಿ ಕಾಯಿ ಬಲಿಯುವ ಮೊದಲೇ ಕೊಯ್ದರು, ಕೊಂಬೆ ಕಡಿದರು, ಜಡಿಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಸುಟ್ಟರು. ಹೊಳೆಯಂಚಿನ ಅಪ್ಪೆಮಿಡಿ ಮರಗಳಿಗೂ ಇದೇ ಗತಿಯಾದ ಕಡೆಗಳಿವೆ. ಇದಕ್ಕೆ ಎದುರಾಗಿ, 1927ರ ಅರಣ್ಯ ಕಾಯ್ದೆಯ ಕೆಳಗೆ ಹುಟ್ಟಿದ ಕುಮಟಾದ ಹಳಕಾರ ಗ್ರಾಮ ಅರಣ್ಯ ಪಂಚಾಯಿತಿ ಊರಿನ ಕಾಡನ್ನು ತಾನೇ ಕಾದು, ಸೊಪ್ಪು-ಸೌದೆಯನ್ನು ತಾನೇ ಹಂಚಿ, ಇಲಾಖೆ ವಾಪಸು ಕೇಳಿದಾಗ ನ್ಯಾಯಾಲಯದವರೆಗೂ ಹೋಗಿ ಉಳಿಸಿಕೊಂಡಿದೆ. ಯಾರಿಗೆ ನಾಳೆಯೂ ಈ ಮರ ನಮ್ಮದೇ ಎಂಬ ಭರವಸೆಯಿದೆಯೋ ಅವರು ಮರ ಕಾಯುತ್ತಾರೆ. ಕಳೆದ ಶತಮಾನದ ಕೊನೆಯಲ್ಲಿ ಬಂದ ಗ್ರಾಮ ಅರಣ್ಯ ಸಮಿತಿಗಳಿಗೆ ಈ ಭರವಸೆಯನ್ನು ಪೂರ್ತಿಯಾಗಿ ಕೊಡಲಿಲ್ಲ. ಹಣ ಇರುವವರೆಗೆ ಅವು ನಡೆದವು, ಆಮೇಲೆ ಹಲವು ಕಡೆ ಸೊರಗಿದವು.

ಇನ್ನು ಅಳಿವೆಗಳಿಗೆ ಬರೋಣ. ಶರಾವತಿ ಮತ್ತು ಅಘನಾಶಿನಿ ಅಕ್ಕಪಕ್ಕದ ಹೊಳೆಗಳು. ಒಂದೇ ಘಟ್ಟ, ಒಂದೇ ಮಳೆ, ಒಂದೇ ಕಡಲು. ಶರಾವತಿಗೆ ಲಿಂಗನಮಕ್ಕಿಯಿಂದ ಗೇರುಸೊಪ್ಪೆಯವರೆಗೆ ಅಣೆಕಟ್ಟುಗಳ ಸಾಲು. ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಗೇರುಸೊಪ್ಪೆಯಲ್ಲಿ ವಿದ್ಯುತ್ ತಯಾರಾಗುವಾಗಲೆಲ್ಲ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತದೆ. ಮೇಲುನೋಟಕ್ಕೆ ಒಳ್ಳೆಯದೇ ಅನಿಸುತ್ತದೆ. ಆದರೆ ಅಳಿವೆ ಬದುಕುವುದು ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಏರಿಳಿತದ ಮೇಲೆ. ಆ ಏರಿಳಿತ ಕೆಟ್ಟ ಶರಾವತಿ ಅಳಿವೆಯಲ್ಲಿ ಉಪ್ಪಿನಂಶ ಕುಸಿದು ಚಿಪ್ಪಿ, ಮೀನಿನ ಬಗೆಗಳು ಕಡಿಮೆಯಾದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಪಕ್ಕದ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿಗಿಳಿದು ಬೆಳಚು ಚಿಪ್ಪಿ ಆರಿಸುವ ಹೆಂಗಸರು-ಗಂಡಸರಿಗೆ ಲೆಕ್ಕವಿಲ್ಲ. ಸಾವಿರಾರು ಕುಟುಂಬಗಳಿಗೆ ಹೂಡಿಕೆಯೇ ಬೇಡದ ಬ್ಯಾಂಕು ಅದು. ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಂಡು, ಗೊಬ್ಬರ-ಔಷಧಿಯಿಲ್ಲದೆ ಬರುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಮಣ್ಣಿನ ಕಟ್ಟೆಯನ್ನು ಊರೇ ಸೇರಿ ಕಾಯುವ ಪದ್ಧತಿ ಹಿಂದೆ ಬಿದ್ದು, ಸಿಗಡಿ ಕೃಷಿಗೆ ಗಜನಿಗಳನ್ನು ಗುತ್ತಿಗೆ ಕೊಟ್ಟ ಮೇಲೆ ಕಗ್ಗದ ವಿಸ್ತಾರ ಕುಗ್ಗಿತು. ಸಿಗಡಿಗೆ ರೋಗ ತಗುಲಿದ ಮೇಲೆ ಎರಡೂ ಇಲ್ಲದಾಯಿತು.

ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರಬೇಕೆಂದು ಸರ್ಕಾರ ಹೊರಟಿತ್ತು. ಅಳಿವೆಯ ಜನ ಒಪ್ಪಲಿಲ್ಲ, ಅಳಿವೆ ಅದಾಗಲೇ ಏನು ದುಡಿಯುತ್ತಿದೆ ಎಂದು ಲೆಕ್ಕ ಹಾಕಿದ ವಿಜ್ಞಾನಿಗಳು ಅವರ ಜೊತೆ ನಿಂತರು. ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. 2024ರ ಜನವರಿಯಲ್ಲಿ ಅದೇ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆನಿಸಿತು. ಮಾನ್ಯತೆ ಬಂದರೂ ಬೆಳಚಿನ ಹಾಸಿಗೆಯನ್ನೇ ಎತ್ತಿಕೊಂಡು ಹೋಗುವ ಮರಳುಗಾರಿಕೆಯ ಮೇಲೆ ಕಣ್ಣಿಡುವವರು ಬೇಕು.

ಈಗ ಇಳಿಜಾರಿನ ಮಾತು. ಎಪ್ಪತ್ತು ವರ್ಷಗಳ ಲೆಕ್ಕದಲ್ಲಿ ತೀರಾ ಕಹಿಯಾದ ಪುಟ ಇದು. ಕರಾವಳಿಯ ಗುಡ್ಡಗಳ ನೆತ್ತಿಯಲ್ಲಿ ಜಂಬಿಟ್ಟಿಗೆ ಕಲ್ಲು. ಗಾಳಿ-ಬಿಸಿಲಿಗೆ ಗಟ್ಟಿಯಾದ, ತೂತುತೂತಿನ ಕಲ್ಲು. ಮಳೆಯ ನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಅದರ ಕೆಳಗೆ ಬಹಳ ಕಡೆ ಶೇಡಿಮಣ್ಣಿನ ಪದರ. ನೀರು ಕುಡಿದಂತೆ ಅದು ಉಬ್ಬುತ್ತದೆ, ಜಾರುತ್ತದೆ. ಮರದ ಬೇರು ನೀರನ್ನು ಹೀರಿ, ಮಣ್ಣನ್ನು ಹಿಡಿದು, ಹಳ್ಳ-ಅಬ್ಬಿಗಳು ಹೆಚ್ಚುವರಿಯನ್ನು ಹೊರಹಾಕಿ, ಗುಡ್ಡದ ಬುಡ ತನ್ನ ಭಾರದಿಂದ ಮೇಲಿನದನ್ನು ತಡೆದು, ಹೀಗೆ ಒಂದಕ್ಕೊಂದು ಆತುಕೊಂಡಿದ್ದರಿಂದ ಸಾವಿರ ಮಳೆಗಾಲ ಈ ಗುಡ್ಡಗಳು ನಿಂತಿದ್ದವು. ಮೇಲೆ ಕಾಡು ತೆಗೆದು, ನಡುವೆ ಹಳ್ಳದ ದಾರಿ ಮುಚ್ಚಿ, ಕೆಳಗೆ ಬುಡವನ್ನು ನೇರ ಗೋಡೆಯಂತೆ ಕೊಯ್ದರೆ ಏನಾಗುತ್ತದೆಂದು ಹೇಳಲು ವಿಜ್ಞಾನಿ ಬೇಕಾಗಿಲ್ಲ.

2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಸತ್ತರು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ, ರಸ್ತೆ ಮಣ್ಣುಪಾಲಾದವು. ಆ ವರ್ಷವೇ ಕದ್ರಾದಿಂದ ಬಿಟ್ಟ ನೀರು ಕಾಳಿಯ ಕೆಳದಂಡೆಯ ಊರುಗಳಿಗೆ ನುಗ್ಗಿತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ನಾಲ್ಕುಪಥದ ಹೆದ್ದಾರಿಗೆಂದು ಕೊಯ್ದ ಗುಡ್ಡ ಜರಿದು, ರಸ್ತೆಬದಿಯ ಚಹಾದಂಗಡಿಯ ಸಂಸಾರವನ್ನೂ ಅಲ್ಲಿ ನಿಂತಿದ್ದ ಲಾರಿಗಳನ್ನೂ ಗಂಗಾವಳಿಗೆ ತಳ್ಳಿತು. ಹೊಳೆಗೆ ಬಿದ್ದ ಮಣ್ಣಿನ ಹೊಡೆತಕ್ಕೆ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಲಾರಿಯೊಂದರ ಜೊತೆ ಕಾಣೆಯಾದ ಕೇರಳದ ಚಾಲಕನ ದೇಹ ಹೊಳೆಯಡಿ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಹೆದ್ದಾರಿಗಾಗಿ ಗುಡ್ಡ ಕಡಿದ ಬಗೆಯತ್ತಲೇ ಬೊಟ್ಟು ಮಾಡಿದರು. ಇವನ್ನು ಪ್ರಕೃತಿ ವಿಕೋಪ ಎಂದು ಬರೆದು ಪರಿಹಾರದ ಚೆಕ್ಕು ಹಂಚುವುದನ್ನು ಇನ್ನಾದರೂ ನಿಲ್ಲಿಸಬೇಕು. ಮಳೆ ಪ್ರಕೃತಿಯದು. ಗುಡ್ಡದ ಕೊಯ್ತ ಗುತ್ತಿಗೆಯದು, ಅದಕ್ಕೆ ಸಹಿ ಹಾಕಿದವರು ಇದ್ದಾರೆ.

ಕಾಡಿನೊಳಗಿನ ಮನುಷ್ಯರ ಲೆಕ್ಕವೂ ಬಾಕಿಯಿದೆ. ಹಾಲಕ್ಕಿ, ಕುಣಬಿ, ಸಿದ್ದಿ, ಗೌಳಿ, ಕರೆಒಕ್ಕಲಿಗ, ಕುಮರಿ ಮರಾಠಿ ಹೀಗೆ ಎಷ್ಟೋ ಸಮುದಾಯಗಳು ದಾಖಲೆಯ ಅರಣ್ಯದಲ್ಲೇ ಹುಟ್ಟಿ ಬೆಳೆದಿವೆ. ಶೇ 80 ಭಾಗ ಅರಣ್ಯವೆಂದು ಬರೆದಿಟ್ಟ ಜಿಲ್ಲೆಯಲ್ಲಿ ಬಡವನೊಬ್ಬ ಮನೆ ಕಟ್ಟಿದರೆ ಅದು ಅತಿಕ್ರಮಣವೇ ಆಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿ ಸಲ್ಲಿಕೆಯಾದ ಅರ್ಜಿಗಳು ಎಂಬತ್ತು ಸಾವಿರಕ್ಕೂ ಹೆಚ್ಚು. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಎಪ್ಪತ್ತೈದು ವರ್ಷದ ವಾಸ್ತವ್ಯ ತೋರಿಸಬೇಕೆಂಬ ಷರತ್ತಿನ ಮುಂದೆ ಬಹುಪಾಲು ಅರ್ಜಿಗಳು ಬಿದ್ದುಹೋದವು. ಅತಿಕ್ರಮಣದ ಹೆಸರಲ್ಲಿ ತೋಟ ವಿಸ್ತರಿಸಿಕೊಂಡ ಬಲಾಢ್ಯರೂ ಆ ಪಟ್ಟಿಯಲ್ಲಿ ಇದ್ದಾರೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಅವರನ್ನೂ ಎರಡು ಗುಂಟೆಯ ಗುಡಿಸಲಿನವಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಪಶ್ಚಿಮ ಘಟ್ಟದ ರಕ್ಷಣೆ ಕುರಿತು ಗಾಡ್ಗೀಳ್ ಸಮಿತಿಯ ವರದಿ, ಆಮೇಲೆ ಕಸ್ತೂರಿರಂಗನ್ ವರದಿ ಬಂದಾಗ ಘಟ್ಟದ ಹಳ್ಳಿಗಳಲ್ಲಿ ಎದ್ದ ಭಯಕ್ಕೆ ಈ ಹಕ್ಕಿಲ್ಲದ ಸ್ಥಿತಿಯೇ ಮೂಲ. ಕಾಲ ಕೆಳಗಿನ ನೆಲ ತನ್ನದೆಂಬ ಚೀಟಿ ಇಲ್ಲದವನಿಗೆ ಪರಿಸರಸೂಕ್ಷ್ಮ ಪ್ರದೇಶ ಎಂಬ ಮಾತು ಒಕ್ಕಲೆಬ್ಬಿಸುವ ನೋಟಿಸಿನಂತೆ ಕೇಳಿಸಿತು. ಗಾಡ್ಗೀಳರ ವರದಿ ಗ್ರಾಮಸಭೆಗೇ ತೀರ್ಮಾನ ಬಿಡಬೇಕೆಂದು ಹೇಳಿತ್ತು. ಅದನ್ನು ಕನ್ನಡದಲ್ಲಿ ಊರೂರಿಗೆ ಮುಟ್ಟಿಸುವ ಕೆಲಸ ಆಗಲಿಲ್ಲ. ಪರಿಸರಸೂಕ್ಷ್ಮ ಪ್ರದೇಶದ ಬಗ್ಗೆ 2024ರಲ್ಲಿ ಕೇಂದ್ರ ಹೊರಡಿಸಿದ ಆರನೆಯ ಕರಡು ಅಧಿಸೂಚನೆಯನ್ನೂ ರಾಜ್ಯ ತಿರಸ್ಕರಿಸಿತು. ತಿರಸ್ಕರಿಸಿದ ಮೇಲೆ ತನ್ನದೊಂದು ದಾರಿ ತೋರಿಸುವ ಹೊಣೆ ರಾಜ್ಯದ ಮೇಲಿದೆ, ಅದು ಕಾಣುತ್ತಿಲ್ಲ.

ಇಷ್ಟರ ನಡುವೆ ಹೊಸ ಪಟ್ಟಿ ಸಿದ್ಧವಿದೆ. ಬೇಡ್ತಿಯ ನೀರನ್ನು ವರದೆಗೆ, ಅಘನಾಶಿನಿಯದನ್ನು ವೇದಾವತಿಗೆ ಒಯ್ಯುವ ಯೋಜನೆಗಳು. ಶರಾವತಿ ಕಣಿವೆಯಲ್ಲಿ, ಸಿಂಗಳೀಕದ ಅಭಯಾರಣ್ಯದೊಳಗೆ, 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್. ಕೈಗಾದಲ್ಲಿ 700 ಮೆಗಾವಾಟ್‌ನ ಇನ್ನೆರಡು ಘಟಕಗಳು. ಹುಬ್ಬಳ್ಳಿ-ಅಂಕೋಲಾ ರೈಲು. ಹೊನ್ನಾವರದ ಕಾಸರಕೋಡ, ಅಂಕೋಲಾದ ಕೇಣಿಯಲ್ಲಿ ಬಂದರು. ಪೂರ್ವದ ಬಯಲಿನ ಜನರ ನೀರಿನ ಕಷ್ಟ ನಿಜವಾದದ್ದು. ರೈಲು ಬೇಕೆನ್ನುವ ಕರಾವಳಿಯ ಆಸೆಯೂ ನ್ಯಾಯವಾದದ್ದೇ. ಇವನ್ನು ಒಂದೊಂದಾಗಿ ನೋಡಿ ಬೇಕು-ಬೇಡ ಹೇಳುವ ಹಳೆಯ ಪದ್ಧತಿಯನ್ನು ಮಾತ್ರ ನಾವು ಒಪ್ಪುವುದಿಲ್ಲ. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ನಾಲ್ಕೂ ಕೊಳ್ಳಗಳು ಒಟ್ಟಾಗಿ ಇನ್ನೆಷ್ಟು ತಾಳಬಲ್ಲವು ಎಂಬ ಅಧ್ಯಯನ ಮುಗಿದು, ಅದರ ವರದಿ ಕನ್ನಡದಲ್ಲಿ ಗ್ರಾಮಸಭೆಗಳ ಮುಂದೆ ಬರುವವರೆಗೆ ಇವುಗಳಲ್ಲಿ ಯಾವುದಕ್ಕೂ ಕಾಡು ಕಡಿಯುವ ಅನುಮತಿ ಕೊಡಬಾರದು. ಬೇಡ್ತಿಯ ಕಾಲದಲ್ಲಿ ಶಿರಸಿಯ ತೋಟಗಾರರು ತಮ್ಮ ಖರ್ಚಿನಲ್ಲಿ ಮಾಡಿಸಿದ್ದನ್ನು ಸರ್ಕಾರ ಬೊಕ್ಕಸದ ಖರ್ಚಿನಲ್ಲಿ ಮಾಡಿಸಲು ಕಷ್ಟವೇನಿದೆ?

ಅದಕ್ಕೂ ಮೊದಲು, ಮುಂದಿನ ಮಳೆಗಾಲದೊಳಗೆ ಆಗಲೇಬೇಕಾದ ಕೆಲಸಗಳಿವೆ. ಹೆದ್ದಾರಿ 66ರ ಉದ್ದಕ್ಕೂ ಕೊಯ್ದ ಪ್ರತಿ ಗುಡ್ಡದ ಸ್ಥಿತಿ ಏನೆಂಬ ಸಮೀಕ್ಷೆಯನ್ನು ಊರಿನ ಹೆಸರಿನೊಂದಿಗೆ ಪ್ರಕಟಿಸಬೇಕು. ಅಪಾಯದ ಅಂಚಿನ ಮನೆಗಳಿಗೆ ಬದಲಿ ಜಾಗ ಜೂನ್‌ಗೆ ಮೊದಲು ಸಿಗಬೇಕು. ಕದ್ರಾ ಮತ್ತು ಗೇರುಸೊಪ್ಪೆಯಿಂದ ನೀರು ಬಿಡುವ ವೇಳಾಪಟ್ಟಿಯನ್ನು ಕೆಳದಂಡೆಯ ಪಂಚಾಯಿತಿಗಳ ಜೊತೆ ಕೂತು ಗೊತ್ತುಮಾಡಬೇಕು. ಉಪ್ಪಾಗೆ, ಮುರುಗಲು, ರಾಮಪತ್ರೆಯ ಕೊಯ್ಲಿನ ಹಕ್ಕನ್ನು ಗುತ್ತಿಗೆದಾರರಿಂದ ಬಿಡಿಸಿ ಆಯಾ ಊರಿನ ಸಮಿತಿಗೆ, ಹಲವು ವರ್ಷಗಳ ಖಾತ್ರಿಯೊಂದಿಗೆ ವಹಿಸಬೇಕು. ತಿರಸ್ಕಾರವಾದ ಹಕ್ಕಿನ ಅರ್ಜಿಗಳ ಮರುಪರಿಶೀಲನೆ ಸಣ್ಣ ಹಿಡುವಳಿಯಿಂದ, ಒಂಟಿ ಹೆಂಗಸರ ಅರ್ಜಿಗಳಿಂದ ಶುರುವಾಗಬೇಕು. ಎಕರೆಗಟ್ಟಲೆ ಒತ್ತಿಕೊಂಡವರ ಕಡತ ಆಮೇಲೆ ತೆರೆದರೂ ಸಾಕು.